ಚಿನ್ನ ಕೊಳ್ಳುವ ಮೊದಲು ಮಾರುವ ಲೆಕ್ಕ ಹಾಕಿ

ಕೈಗಾದಲ್ಲೋ ದಾಂಡೇಲಿಯ ಪೇಪರ್ ಮಿಲ್ಲಿನಲ್ಲೋ ದುಡಿದು ನಿವೃತ್ತರಾದವರಿಗೆ ಪಿಎಫ್, ಗ್ರಾಚ್ಯುಟಿ ಅಂತ ಒಮ್ಮೆಗೇ ದುಡ್ಡು ಬರುತ್ತದೆ. ವಾರ ಕಳೆಯುವುದರೊಳಗೆ ಮನೆಯಲ್ಲಿ ಮಾತು ಶುರು: ಒಂದಿಷ್ಟು ಚಿನ್ನ ಮಾಡಿಸಿ ಇಡೋಣ ಅಲ್ವಾ? ಇಡಬಹುದು. ಆದರೆ ಚಿನ್ನ ತಿಂಗಳ ಖರ್ಚಿಗೆ ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ಮಾರಿದಾಗ ಮಾತ್ರ ದುಡ್ಡು.

ಆದ್ದರಿಂದ ಮೊದಲು ಊಟ, ಔಷಧಿಯ ದಾರಿ ನೋಡಿಕೊಳ್ಳಿ. ವರ್ಷದ ಖರ್ಚಿಗಾಗುವಷ್ಟು ಹಣ ಬ್ಯಾಂಕಿನಲ್ಲಿರಲಿ. ಅರವತ್ತು ದಾಟಿದವರಿಗೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ. 30 ಲಕ್ಷದವರೆಗೆ ಇಡಬಹುದು, ಮೂರು ತಿಂಗಳಿಗೊಮ್ಮೆ ಬಡ್ಡಿ ಬರುತ್ತದೆ. ಚಿನ್ನದ ಮಾತು ಆಮೇಲೆ. ನನ್ನ ಪ್ರಕಾರ ಒಟ್ಟು ಉಳಿತಾಯದ ಹತ್ತನೇ ಒಂದು ಪಾಲು ಸಾಕು. ಹೆಂಡತಿಯ ಒಡವೆಯನ್ನು ಇದರಲ್ಲಿ ಸೇರಿಸಬೇಡಿ. ಅದನ್ನು ಮಾರುವ ಧೈರ್ಯ ಯಾರಿಗಿದೆ?

ಈಗ ಯಾವ ರೂಪದಲ್ಲಿ ಕೊಳ್ಳಬೇಕು ಎಂಬ ಪ್ರಶ್ನೆ. ಹೂಡಿಕೆಗೆಂದು ಒಡವೆ ಮಾತ್ರ ಬೇಡ. 1 ಲಕ್ಷ ರೂಪಾಯಿ ಚಿನ್ನಕ್ಕೆ ಶೇ 12ರಷ್ಟು ಮಜೂರಿ ಎಂದಿಟ್ಟುಕೊಳ್ಳಿ. ಶೇ 3ರ ಜಿಎಸ್‌ಟಿಯೂ ಸೇರಿದರೆ ಬಿಲ್ಲು 1.15 ಲಕ್ಷ ದಾಟುತ್ತದೆ. ಮರುದಿನವೇ ಮಾರಲು ಹೋದರೆ ಮಜೂರಿಯೂ ಇಲ್ಲ, ತೆರಿಗೆಯೂ ಇಲ್ಲ, ಬರೀ ಚಿನ್ನದ ಬೆಲೆ. ಅಂದರೆ ರೇಟು ಶೇ 15ಕ್ಕಿಂತ ಜಾಸ್ತಿ ಏರಿದ ಮೇಲೆಯೇ ನಿಮ್ಮ ಅಸಲು ಹುಟ್ಟುತ್ತದೆ.

ನಾಣ್ಯಕ್ಕೆ ಮಜೂರಿ ಕಡಿಮೆ. ಶುದ್ಧತೆ ಸೂಚಿಸುವ 999 ಎಂಬ ಮುದ್ರೆ ಇರಲಿ, ಸೀಲ್ ಒಡೆಯದ ಪ್ಯಾಕ್ ಆಗಿರಲಿ. ಬ್ಯಾಂಕಿನ ನಾಣ್ಯವೇ ಒಳ್ಳೆಯದು ಎನ್ನುವವರಿದ್ದಾರೆ. ಶುದ್ಧವೇನೋ ಹೌದು, ಆದರೆ ಮಾರಿದ ಬ್ಯಾಂಕು ಅದನ್ನು ವಾಪಸ್ ಕೊಳ್ಳುವುದಿಲ್ಲ. ಕೊನೆಗೆ ಚಿನ್ನದ ವ್ಯಾಪಾರಿ ಶೇಟ್ರ ಅಂಗಡಿಗೇ ಹೋಗಬೇಕು. ಹಾಗಾಗಿ ಕಾರವಾರವಾಗಲಿ, ಕುಮಟಾವಾಗಲಿ, ಶಿರಸಿಯಾಗಲಿ, ಎರಡು ಮೂರು ಅಂಗಡಿಗಳಲ್ಲಿ ನೇರವಾಗಿ ಕೇಳಿ: 'ಇದನ್ನೇ ನಾಳೆ ತಂದರೆ ಎಷ್ಟು ಕೊಡ್ತೀರಿ? ದುಡ್ಡು ಕೊಡ್ತೀರೋ, ಬದಲಿಗೆ ಬೇರೆ ಒಡವೆ ತಗೊಳ್ಳಿ ಅಂತೀರೋ?' ಕೇಳಲು ಸಂಕೋಚ ಬೇಡ. ಒಡವೆಯೇ ಬೇಕೆಂದರೆ ಬಿಐಎಸ್ (ಸರ್ಕಾರದ ಗುಣಮಟ್ಟ ಸಂಸ್ಥೆ) ಗುರುತು, ಶುದ್ಧತೆಯ ಅಂಕಿ (22 ಕ್ಯಾರೆಟ್‌ಗೆ 916), ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ (ಪ್ರತಿ ಒಡವೆಗೂ ಇರುವ ಪ್ರತ್ಯೇಕ ಗುರುತು ಸಂಖ್ಯೆ), ಈ ಮೂರನ್ನೂ ನೋಡಿ. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅಸಲಿಯೋ ಅಲ್ಲವೋ ಅಲ್ಲೇ ಗೊತ್ತಾಗುತ್ತದೆ.

ಲಾಕರ್ ಬಾಡಿಗೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಕಳ್ಳತನವಾದರೆ, ಬೆಂಕಿ ಬಿದ್ದರೆ ಬ್ಯಾಂಕು ಕೊಡುವ ಪರಿಹಾರ ವರ್ಷದ ಬಾಡಿಗೆಯ 100 ಪಟ್ಟಿನವರೆಗೆ ಮಾತ್ರ. ನೆರೆಯಂಥ ಪ್ರಕೃತಿ ವಿಕೋಪಕ್ಕೆ ಅದೂ ಇಲ್ಲ. ನಮ್ಮ ಕರಾವಳಿಯ ಮಳೆಗಾಲ ಗೊತ್ತಲ್ಲ!

ಈ ತಲೆಬಿಸಿ ಬೇಡ ಎನ್ನುವವರಿಗೆ ಗೋಲ್ಡ್ ಇಟಿಎಫ್ ಇದೆ, ಅಂದರೆ ಚಿನ್ನದ ಬೆಲೆಯಂತೆ ಏರಿಳಿಯುವ, ಷೇರಿನಂತೆ ಕೊಂಡು ಮಾರುವ ಫಂಡ್. ಅದಕ್ಕೆ ಷೇರು ಇಡುವ ಡಿಮ್ಯಾಟ್ ಖಾತೆ ಬೇಕು. ಅದಿಲ್ಲದವರು ಮ್ಯೂಚುವಲ್ ಫಂಡ್ ಕಂಪನಿಯ ಗೋಲ್ಡ್ ಫಂಡ್ ಕೊಳ್ಳಬಹುದು. ಮಜೂರಿಯಿಲ್ಲ, ಕಳ್ಳರ ಭಯವಿಲ್ಲ, ವರ್ಷಕ್ಕೆ ಸಣ್ಣ ಶುಲ್ಕ ಮಾತ್ರ. ಸರ್ಕಾರದ ಗೋಲ್ಡ್ ಬಾಂಡ್ ಹೊಸದಾಗಿ ಬಿಡುಗಡೆಯಾದದ್ದು ಕೊನೆಯ ಸಲ 2024ರ ಫೆಬ್ರುವರಿಯಲ್ಲಿ. ಮೊಬೈಲ್ ಆ್ಯಪ್‌ಗಳ 'ಡಿಜಿಟಲ್ ಗೋಲ್ಡ್' ಬೇರೆಯೇ ವಸ್ತು. ಅದು ತನ್ನ ನಿಯಂತ್ರಣದಲ್ಲಿಲ್ಲ ಎಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2025ರ ನವೆಂಬರಿನಲ್ಲಿ ಎಚ್ಚರಿಸಿದೆ. ದೂರ ಇರಿ.

ಎಲ್ಲಾ ಹಣ ಒಂದೇ ದಿನ ಹಾಕಬೇಡಿ. 2011ರಲ್ಲಿ ಔನ್ಸಿಗೆ 1,900 ಡಾಲರ್ ಮುಟ್ಟಿದ್ದ ಚಿನ್ನ 2015ರ ಕೊನೆಗೆ ಸುಮಾರು 1,050ಕ್ಕೆ ಇಳಿದಿತ್ತು. ಐದಾರು ಕಂತು ಮಾಡಿ, ಎರಡು ತಿಂಗಳಿಗೊಂದರಂತೆ ಕೊಳ್ಳಿ. ಬೆಳ್ಳಿಯ ಏರಿಳಿತ ಇನ್ನೂ ಜೋರು. 1980ರಲ್ಲಿ 50 ಡಾಲರ್ ಹತ್ತಿರ ಹೋಗಿ ಬಿದ್ದದ್ದು, ಮತ್ತೆ ಆ ಮಟ್ಟಕ್ಕೆ ಬರಲು 2011ರವರೆಗೆ ಕಾಯಬೇಕಾಯಿತು. ಇಳಿವಯಸ್ಸಿನಲ್ಲಿ ಅಷ್ಟು ಕಾಯಲು ಯಾರಿಂದಾದೀತು?

ಬಿಲ್ಲು ಎಸೆಯಬೇಡಿ. ನಾಣ್ಯ, ಒಡವೆಯನ್ನು 24 ತಿಂಗಳು ದಾಟಿದ ಮೇಲೆ ಮಾರಿದರೆ ಲಾಭದ ಮೇಲೆ ಶೇ 12.5 ತೆರಿಗೆ. ಕೊಂಡ ಬೆಲೆ ತೋರಿಸಲು ಆ ಬಿಲ್ಲೇ ಬೇಕು. ಲಾಕರಿಗೂ ಡಿಮ್ಯಾಟಿಗೂ ನಾಮಿನಿ ಬರೆಸಿ. ಬಿಲ್ಲು ಎಲ್ಲಿದೆ ಎಂದು ಅವರಿಗೂ ಹೇಳಿಡಿ.