ಹಣೆಯ ಬೂದಿ ಒರೆಸಬೇಕೆ?

ಈಸ್ಟರಿಗೆ ಮೊದಲಿನ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಬೆಳಗ್ಗೆ ಬೇಳದಲ್ಲೋ ಕುಂಬಳೆಯಲ್ಲೋ ಇಗರ್ಜಿಯ ಪೂಜೆಯಲ್ಲಿ ಹಣೆಗೆ ಬೂದಿ ಹಚ್ಚಿಸಿಕೊಂಡು ನೇರ ಕಾಸರಗೋಡಿನ ಬಸ್ಸು ಹತ್ತುವವರಿಗೆ ಈ ಅಳುಕು ಇದ್ದದ್ದೇ. ನಿಯಮವೇನೂ ಇಲ್ಲ: ಇಟ್ಟುಕೊಳ್ಳಬಹುದು, ತೊಳೆಯಲೂಬಹುದು. ಆ ದಿನವೇ ಓದುವ ಶುಭಸಂದೇಶ, ಮತ್ತಾಯ 6ನೇ ಅಧ್ಯಾಯ, ಉಪವಾಸ ಮಾಡುವವನು ಮುಖ ತೊಳೆದುಕೊಳ್ಳಲಿ, ಜನರಿಗೆ ತೋರಿಸಿಕೊಳ್ಳುವುದು ಬೇಡ ಎನ್ನುತ್ತದೆ. ನೋಡಬೇಕಾದ್ದು ಕಾರಣವನ್ನು. ಯಾರಾದರೂ ಕೇಳಿಯಾರೆಂಬ ಹೆದರಿಕೆಗೆ ಕೈ ಹಣೆಗೆ ಹೋಗುತ್ತಿದ್ದರೆ, ಕರ್ಚೀಫು ತೆಗೆಯುವ ಮೊದಲು ಉತ್ತರ ತಯಾರು ಮಾಡಿಕೊಳ್ಳಿ.

ಉತ್ತರ ಎರಡೇ ವಾಕ್ಯ ಇರಲಿ. ಒಂದು, ಅದೇನು, ಇನ್ನೊಂದು, ಯಾಕೆ. “ಕಳೆದ ವರ್ಷದ ಗರಿಗಳ ಭಾನುವಾರದ ಗರಿ ಸುಟ್ಟ ಬೂದಿ ಇದು. ಮಣ್ಣಿಂದ ಬಂದವರು ಮಣ್ಣಿಗೇ ಹೋಗುತ್ತೇವೆಂಬ ನೆನಪಿಗೆ ಹಚ್ಚುತ್ತಾರೆ, ಇವತ್ತಿಂದ ನಮಗೆ ತಪಸ್ಸುಕಾಲ.” ಅಷ್ಟು ಹೇಳಿ ನಿಲ್ಲಿಸಿ. ಎಡವುವುದು ಮೂರನೇ ವಾಕ್ಯದಲ್ಲಿ. ನಾಚಿಕೆಯವರು ಅಲ್ಲಿ “ಅಮ್ಮ ಬಿಡುವುದಿಲ್ಲ, ಹಾಗಾಗಿ” ಎಂದು ನುಣುಚಿಕೊಳ್ಳುತ್ತಾರೆ, ಹೆಮ್ಮೆಯವರು ಉಪದೇಶ ಶುರು ಮಾಡುತ್ತಾರೆ. ಪೇತ್ರನ ಮೊದಲ ಪತ್ರ (3:15) ಕೇಳಿದವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಆದರೆ ನಯ ವಿನಯದಿಂದ ಎನ್ನುತ್ತದೆ. ಕೇಳಿದವರಿಗೆ ಎಂಬುದು ಗಮನದಲ್ಲಿರಲಿ.

ಮಧ್ಯಾಹ್ನ “ಊಟ ಇಲ್ಲವಾ?” ಎಂಬ ಪ್ರಶ್ನೆಗೂ ಇದೇ ಕ್ರಮ. ಕಥೊಲಿಕರಿಗೆ ಬೂದಿ ಬುಧವಾರ, ಶುಭ ಶುಕ್ರವಾರ ಎರಡೂ ದಿನ 18ರಿಂದ 59ರ ವಯಸ್ಸಿನವರೆಗೆ ಒಂದು ಹೊಟ್ಟೆತುಂಬ ಊಟ, ಬೇಕಿದ್ದರೆ ಎರಡು ಸಣ್ಣ ಉಪಾಹಾರ; ಮಾಂಸವಂತೂ 14 ತುಂಬಿದ ಯಾರಿಗೂ ಇಲ್ಲ.

“ಬ್ರಿಟಿಷರು ಮಾಡಿದ ಕ್ರೈಸ್ತರಲ್ಲವಾ ನೀವು?” ಇದಕ್ಕೆ ಸಿಟ್ಟು ಬೇಡ, ಇಸವಿ ಸಾಕು. ಗೋವೆಯಿಂದ ಕೊಂಕಣಿ ಕಥೊಲಿಕರು ಈ ಕರಾವಳಿಗೆ ಬರತೊಡಗಿದ್ದು 16ನೇ ಶತಮಾನದಿಂದ. ಟಿಪ್ಪು ಅವರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದದ್ದು 1784ರಲ್ಲಿ. ಇಲ್ಲಿಗೆ ಬ್ರಿಟಿಷರ ಆಳ್ವಿಕೆ ಬಂದದ್ದು 1799ರಲ್ಲಿ. ಗೋವೆಯಲ್ಲಿ 1560ರಿಂದ ನಡೆದ ಇನ್‌ಕ್ವಿಸಿಶನ್ನಿನ (ಧರ್ಮಸಭೆಯ ವಿಚಾರಣೆ, ಶಿಕ್ಷೆಗಳ) ಮಾತು ಬಂದರೆ ನಡೆದದ್ದು ಹೌದೆಂದು ಒಪ್ಪಿಕೊಳ್ಳಿ. ಅದನ್ನು ನೀವು ಮಾಡಿದ್ದಲ್ಲ, ಸಮರ್ಥಿಸುವ ಕೆಲಸವೂ ನಿಮ್ಮದಲ್ಲ.

ಹೆಮ್ಮೆಯ ಲೆಕ್ಕವೂ ಹಾಗೆಯೇ. ಕನ್ನಡಕ್ಕೆ ಕ್ರೈಸ್ತರು ಕೊಟ್ಟದ್ದು ನೋಡಿ, 1843ರ ಮಂಗಳೂರ ಸಮಾಚಾರ ಪತ್ರಿಕೆ, 1894ರ ಕಿಟ್ಟೆಲ್ ನಿಘಂಟು ಎಂದು ಪಟ್ಟಿ ಒಪ್ಪಿಸುವವರಿದ್ದಾರೆ. ಅವು ಬಾಸೆಲ್ ಮಿಶನ್ನಿನ ಪ್ರೊಟೆಸ್ಟೆಂಟರ ಕೆಲಸ; ಕೊಂಕಣಿ ಕಥೊಲಿಕರು ಅದಕ್ಕೆ ಎದೆಯುಬ್ಬಿಸುವುದು ಸ್ವಲ್ಪ ತಮಾಷೆಯೇ. ಮಾತಿಗೆ ಮಾತು ಬೆಳೆದಾಗಲಂತೂ ಆ ಪಟ್ಟಿ ಉಪಕಾರ ಎತ್ತಿ ಆಡಿದಂತೆ ಕೇಳಿಸುತ್ತದೆ. ಯೇಸುವಿನ ಕೊನೆಯ ದಿನವನ್ನು ‘ಗೊಲ್ಗೊಥಾ’ ಎಂದು ಕಾವ್ಯವಾಗಿಸಿದವರು ಮಂಜೇಶ್ವರದ ಗೋವಿಂದ ಪೈಗಳು, ಕ್ರೈಸ್ತರಲ್ಲ. ಅದರ ಮಾತು ತೆಗೆದರೆ ಎದುರಿನವರೂ ಕೂತು ಮಾತಾಡುತ್ತಾರೆ.

ನೆರೆಯವರು ಕೊಡುವ ದೇವಸ್ಥಾನದ ಪ್ರಸಾದದ ವಿಷಯ ಸೂಕ್ಷ್ಮ. ಸಂತ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 10ನೇ ಅಧ್ಯಾಯದಲ್ಲಿ, ಬಡಿಸಿದ್ದನ್ನು ವಿಚಾರಿಸದೆ ತಿನ್ನಿ, ನೈವೇದ್ಯವೆಂದು ಯಾರಾದರೂ ಹೇಳಿದರೆ ತಿನ್ನಬೇಡಿ ಎಂದಿದ್ದಾನೆ. ಬೇಡವೆಂದಿದ್ದರೆ “ನಮ್ಮಲ್ಲಿ ತೆಗೆದುಕೊಳ್ಳುವ ಕ್ರಮ ಇಲ್ಲ ಅಕ್ಕ” ಎಂದು ಮುಖ ನೋಡಿ ಹೇಳಿ. ಕೈಯೊಡ್ಡಿ ತೆಗೆದುಕೊಂಡು ಆಮೇಲೆ ಎಸೆಯುವುದಕ್ಕಿಂತ ಕೆಟ್ಟದ್ದಿಲ್ಲ, ಕಂಡವರು ಮರೆಯುವುದಿಲ್ಲ.

ಇಷ್ಟೆಲ್ಲ ಉತ್ತರ ಕೊಡಲು ಬಾಯಿ ಬಾರದವರು ಸೆಪ್ಟೆಂಬರ್ 8ರ ಮೊಂತಿ ಹಬ್ಬದಿಂದ (ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬ) ಶುರು ಮಾಡಬಹುದು. ಹೊಸ ತೆನೆಯ ಊಟಕ್ಕೆ ನೆರೆಯವರನ್ನು ಕರೆಯಿರಿ. ಅಡುಗೆ ಪೂರಾ ತರಕಾರಿಯದ್ದು, ಕರೆಯುವಾಗಲೇ ಅದನ್ನು ಹೇಳಿಬಿಡಿ.