ಕೆರೆಯ ಭಾರಲೋಹ ಪರೀಕ್ಷೆಗೆ ಮಾದರಿ ತೆಗೆಯುವ ಕ್ರಮ

ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳಂತೆ ಕೊಳಚೆಯೂ ಕಾರ್ಖಾನೆಗಳ ತ್ಯಾಜ್ಯವೂ ಬಂದು ಸೇರಿದ ಕೆರೆಯಲ್ಲಿ, ದಡದಿಂದ ಒಂದು ಬಾಟಲಿ ನೀರು ತುಂಬಿ ಪರೀಕ್ಷೆಗೆ ಕೊಟ್ಟರೆ ಮಾಲಿನ್ಯದ ಪೂರ್ಣ ಚಿತ್ರ ಸಿಗುವುದಿಲ್ಲ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂಗಳ ಬಹುಪಾಲು ಜೇಡಿಕಣಗಳಿಗೂ ಕೊಳೆತ ಸಾವಯವ ಪದಾರ್ಥಕ್ಕೂ ಅಂಟಿಕೊಂಡು ತಳಕ್ಕಿಳಿಯುವುದರಿಂದ, ನೀರಿನ ಜೊತೆಗೆ ಹೂಳನ್ನೂ ತೆಗೆಯಲೇಬೇಕು.

ರಾಜಕಾಲುವೆ ಕೆರೆಗೆ ಸೇರುವ ಬಾಯಿ, ಕೆರೆಯ ನಡುಭಾಗ ಮತ್ತು ಕೋಡಿ, ಈ ಮೂರು ಕಡೆ ಒಂದೇ ದಿನ ಮಾದರಿ ತೆಗೆಯಿರಿ. ಬಾಟಲಿ ಪ್ಲಾಸ್ಟಿಕ್ಕಿನದಾಗಿರಲಿ, ಹೊಸದಾದರೂ ಅದನ್ನು ಶೇ. 10ರ ನೈಟ್ರಿಕ್ ಆಮ್ಲದಲ್ಲಿ ಒಂದು ರಾತ್ರಿ ನೆನೆಸಿ, ಭಟ್ಟಿ ಇಳಿಸಿದ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ತಗಡಿನ ಬಕೆಟ್ಟನ್ನು ಮುಟ್ಟಲೇಬೇಡಿ, ಅದರ ಸತುವೇ ವರದಿಯಲ್ಲಿ ಕಾಣಿಸಿಕೊಂಡೀತು. ನೊರೆ, ಕಳೆಗಳನ್ನು ಬದಿಗೆ ಸರಿಸಿ, ಮೇಲ್ಮೈಯಿಂದ ಸುಮಾರು 30 ಸೆಂ.ಮೀ. ಕೆಳಗಿನ ನೀರನ್ನು ತುಂಬಿ.

ಹೆಚ್ಚಿನವರು ಎಡವುವುದು ಇದರ ಮುಂದಿನ ಹಂತದಲ್ಲಿ. ಕರಗಿದ ಲೋಹ ಎಷ್ಟೆಂದು ತಿಳಿಯಬೇಕಾದರೆ ನೀರನ್ನು ಮೊದಲು 0.45 ಮೈಕ್ರಾನ್ ಶೋಧಕದಲ್ಲಿ ಸೋಸಿ, ಆಮೇಲೆ ಪಿಎಚ್ 2ಕ್ಕಿಂತ ಕೆಳಗಿಳಿಯುವಷ್ಟು ನೈಟ್ರಿಕ್ ಆಮ್ಲ ಬೆರೆಸಬೇಕು. ಕ್ರಮ ತಿರುಗಿಸಿದರೆ, ಕಣಗಳಿಗೆ ಅಂಟಿದ್ದ ಲೋಹವನ್ನು ಆಮ್ಲ ಬಿಡಿಸಿ ನೀರಿನ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ಆಮ್ಲವನ್ನೇ ಹಾಕದಿದ್ದರೆ ಲೋಹ ಬಾಟಲಿಯ ಗೋಡೆಗೆ ಅಂಟಿ, ವರದಿಯಲ್ಲಿ ಕಡಿಮೆ ಕಾಣುತ್ತದೆ. ಆಮ್ಲದ ಕೆಲಸವನ್ನು ಕೈಗವಸು, ಕನ್ನಡಕ ಧರಿಸಿ ಮಾಡಿ, ಇಲ್ಲವೇ ಪ್ರಯೋಗಾಲಯದವರಿಗೆ ಬಿಡಿ. ಹೆಕ್ಸಾವೇಲೆಂಟ್ ಕ್ರೋಮಿಯಂಗೆ (ಕ್ರೋಮಿಯಂನ ಹೆಚ್ಚು ವಿಷಕಾರಿ ರೂಪ) ಮಾತ್ರ ಆಮ್ಲ ಬೆರೆಸದ ಬೇರೆ ಬಾಟಲಿ ಬೇಕು. ಅದನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು 24 ಗಂಟೆಯೊಳಗೆ ತಲುಪಿಸಿ.

ಹೂಳನ್ನು ಪ್ಲಾಸ್ಟಿಕ್ ಸೌಟಿನಿಂದ, ಮೇಲಿನ 5 ಸೆಂ.ಮೀ. ಪದರದಲ್ಲಿ ನಾಲ್ಕೈದು ಜಾಗಗಳಿಂದ ತೆಗೆದು ಕಲಸಿಕೊಳ್ಳಿ. ಮರಳಿಗಿಂತ ನುಣುಪು ಜೇಡಿಯೇ ಮುಖ್ಯ, ಲೋಹ ಹೆಚ್ಚು ಹಿಡಿದಿಟ್ಟುಕೊಳ್ಳುವುದು ಅದೇ. ಭಟ್ಟಿ ನೀರು ತುಂಬಿದ ಒಂದು ಬಾಟಲಿಯನ್ನು ಕೆರೆಯ ಬಳಿ ತೆರೆದು, ಉಳಿದವುಗಳಂತೆಯೇ ಸೋಸಿ ಆಮ್ಲ ಬೆರೆಸಿ ಕಳುಹಿಸಿದರೆ, ಮಾದರಿ ತೆಗೆಯುವಾಗ ಲೋಹ ಸೇರಿಕೊಂಡಿತೇ ಎಂಬುದು ಬಯಲಾಗುತ್ತದೆ.

ಕುಡಿಯುವ ನೀರಿಗೆ ಭಾರತೀಯ ಮಾನಕವಾದ ಐಎಸ್ 10500 ಹೇಳುವ ಮಿತಿ ಲೀಟರಿಗೆ ಸೀಸ 0.01, ಕ್ಯಾಡ್ಮಿಯಂ 0.003, ಪಾದರಸ 0.001 ಮಿಲಿಗ್ರಾಂ. ಈ ಅಂಕಿಗಳನ್ನು ಹೂಳಿನ ಫಲಿತಾಂಶಕ್ಕೆ ಹೋಲಿಸಬಾರದು. ಹೂಳಿನದು ಒಣತೂಕದ ಕಿಲೋಗೆ ಮಿಲಿಗ್ರಾಂ ಲೆಕ್ಕ. ಅದನ್ನು ಅದೇ ಸೀಮೆಯ ಮಾಲಿನ್ಯವಿಲ್ಲದ ಕೆರೆಯ ಹೂಳಿನೊಡನೆ ಹೋಲಿಸುವುದೇ ಸರಿ, ಅದರಲ್ಲೂ ಹೂಳನ್ನು ಹೊಲಕ್ಕೆ ಹೊಡೆಸುವ ಯೋಚನೆಯಿದ್ದರೆ. ‘ಪತ್ತೆಯಾಗಿಲ್ಲ’ ಎಂದು ಬರೆದಿರುವಲ್ಲಿ ಆ ಯಂತ್ರ ಗುರುತಿಸಬಲ್ಲ ಕನಿಷ್ಠ ಪ್ರಮಾಣವೆಷ್ಟೆಂದು ಕೇಳಿ: ಸೀಸಕ್ಕೆ ಅದು ಲೀಟರಿಗೆ 0.05 ಮಿಲಿಗ್ರಾಂ ಆಗಿದ್ದರೆ, ನೀರಿನಲ್ಲಿ ಮಿತಿಯ ನಾಲ್ಕು ಪಟ್ಟು ಸೀಸವಿದ್ದರೂ ವರದಿಯಲ್ಲಿ ಅದೇ ಮಾತು ಇರುತ್ತದೆ.