ಕವಣೆ ಹಿಡಿದು ಉಪ್ಲಿ ಬುರುಜು ಹತ್ತಿದ್ದು

ನಾವು ನಾಲ್ಕು ಜನ ಗೆಳೆಯರು, ನಾಲ್ವರೂ ವಿಜಯಪುರದವರೇ. ಹೈಸ್ಕೂಲಿನಲ್ಲಿದ್ದಾಗ ಸೈಬರ್ ಕೆಫೆಯ ಹಳೇ ಕಂಪ್ಯೂಟರಿನಲ್ಲಿ ಡೂಮ್ ಅನ್ನೋ ಶೂಟರ್ ಗೇಮ್, ಅಂದರೆ ರಾಕ್ಷಸರನ್ನು ಬಂದೂಕಿನಿಂದ ಹೊಡೆಯುವ ಆಟ, ಆಡುತ್ತಿದ್ದೆವು. ಅದರ ಹುಚ್ಚು ಇವತ್ತಿಗೂ ಇಳಿದಿಲ್ಲ. ಎರಡು ವರ್ಷದ ಹಿಂದೆ ಒಂದು ಸಂಜೆ ಮಿರ್ಚಿ ಭಜಿ ತಿನ್ನುತ್ತಾ ಕೂತಿದ್ದಾಗ, ನಮ್ಮೂರಿನದೇ ಒಂದು ಶೂಟರ್ ಗೇಮ್ ಮಾಡೋಣ ಅಂತ ಮಾತು ಬಂತು. ಮರುದಿನವೇ ಒಂದು ನೋಟ್‌ಬುಕ್ ತಂದೆ.

ಆ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ 20 ಹಂತ, 9 ಆಯುಧ ಅಂತ ಬರೆದಿದೆ. ಕಥೆ 1686ರದು, ಔರಂಗಜೇಬನ ಸೈನ್ಯ ನಮ್ಮ ಕೋಟೆಗೆ ಮುತ್ತಿಗೆ ಹಾಕಿದ ಕಾಲದ್ದು. ಒಂದು ವಾರ ಅದರಲ್ಲೇ ಮುಳುಗಿದ್ದೆವು. ಆಮೇಲೆ ಒಬ್ಬ ಗೆಳೆಯ ಕೇಳಿದ, "ಇದರಾಗ ನಾವು ಯಾರಿಗೆ ಹೊಡಿಯೋದು?" ಯಾವ ಕಡೆ ನಿಂತರೂ ಇನ್ನೊಂದು ಕಡೆ ಮನುಷ್ಯರೇ. ಅವರ ಭಾಷೆ, ದೇವರು, ಹೆಸರು ಎಲ್ಲ ಇವತ್ತಿಗೂ ನಮ್ಮ ಓಣಿಯಲ್ಲಿವೆ. ಆ ಕಥೆಯನ್ನು ಅಲ್ಲಿಗೇ ಬಿಟ್ಟೆವು. ಆ ನಿರ್ಧಾರ ಸರಿ ಅಂತ ನನಗೆ ಈಗಲೂ ಅನಿಸುತ್ತದೆ.

ಎಂಜಿನ್, ಅಂದರೆ ಆಟವನ್ನು ಓಡಿಸುವ ಮೂಲ ಪ್ರೋಗ್ರಾಂ, ಅದರ ಬಗ್ಗೆ ಮಾತ್ರ ಜಗಳ ಆಗಲಿಲ್ಲ, ಡೂಮ್‌ನದೇ ಅಂತ ಆಯಿತು. ಡೂಮ್ ಬಂದದ್ದು 1993ರ ಡಿಸೆಂಬರಿನಲ್ಲಿ. ಅದನ್ನು ಮಾಡಿದ ಇಡ್ ಸಾಫ್ಟ್‌ವೇರ್‌ನವರು 1997ರ ಡಿಸೆಂಬರಿನಲ್ಲಿ ಸೋರ್ಸ್ ಕೋಡ್ ಹೊರಗೆ ಬಿಟ್ಟರು. 1999ರಲ್ಲಿ ಅದು ಜಿಪಿಎಲ್ ಲೈಸೆನ್ಸಿಗೆ ಬಂತು. ಹಾಗಾಗಿ ಯಾರು ಬೇಕಾದರೂ ಅದನ್ನು ತಿದ್ದಿ ಹಂಚಬಹುದು. ನಮ್ಮಲ್ಲಿದ್ದ ಕಂಪ್ಯೂಟರುಗಳೂ ಹಳೆಯವೇ. ಹೊಸ ಎಂಜಿನ್‌ಗಳು ತೆರೆದುಕೊಳ್ಳುವಷ್ಟರಲ್ಲಿ ಚಹಾ ಆರಿಹೋಗುತ್ತಿತ್ತು. ಇದು ಒತ್ತಿದ ಕೂಡಲೇ ಓಡುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು, ಜಾಸ್ತಿ ಜನ ಎಡವುವುದು ಇಲ್ಲೇ. ಬಿಟ್ಟುಕೊಟ್ಟದ್ದು ಕೋಡ್ ಮಾತ್ರ. ಡೂಮ್‌ನ ಚಿತ್ರ, ಸದ್ದು, ಹಂತಗಳು ಇವತ್ತಿಗೂ ಅದರ ಒಡೆಯರದೇ. ಅವನ್ನು ನಮ್ಮ ಆಟದಲ್ಲಿ ಸೇರಿಸಿ ಹಂಚುವ ಹಾಗಿಲ್ಲ. ಅದಕ್ಕೆ ನಾವು ಫ್ರೀಡೂಮ್ ತಗೊಂಡೆವು. ಅಭಿಮಾನಿಗಳೇ ಮೊದಲಿನಿಂದ ಬರೆದು ಕೂಡಿಸಿದ, ಹಂಚಲು ಅಡ್ಡಿಯಿಲ್ಲದ ಚಿತ್ರ ಮತ್ತು ಸದ್ದುಗಳ ಗಂಟು ಅದು. ಅದರ ಮೇಲೆ ನಮ್ಮದನ್ನು ಒಂದೊಂದಾಗಿ ಹಾಕುತ್ತಾ ಹೋದೆವು.

ನಕ್ಷೆ ಮಾಡಲು ಅಲ್ಟಿಮೇಟ್ ಡೂಮ್ ಬಿಲ್ಡರ್, ಚಿತ್ರ ಮತ್ತು ಸದ್ದು ಸೇರಿಸಲು ಸ್ಲೇಡ್. ಎರಡೂ ಪುಕ್ಕಟೆ. ನಕ್ಷೆ ಎಳೆಯುವುದು ಹೊಲದ ಸರ್ವೆ ನಕ್ಷೆ ನೋಡಿದ ಹಾಗೇ ಇರುತ್ತದೆ. ಮೇಲಿನಿಂದ ಗೆರೆ ಎಳೆದು ತುಂಡು ಮಾಡಬೇಕು, ಪ್ರತಿ ತುಂಡಿಗೂ ನೆಲ ಎಷ್ಟು ಎತ್ತರ, ಚಾವಣಿ ಎಷ್ಟು ಎತ್ತರ ಅಂತ ಹೇಳಬೇಕು. ಒಂದು ಜಾಗಕ್ಕೆ ಒಂದೇ ನೆಲ, ಒಂದೇ ಚಾವಣಿ. ಕೋಣೆಯ ಮೇಲೆ ಕೋಣೆ ಮೂಲ ಎಂಜಿನ್ನಿನಲ್ಲಿ ಬರುವುದಿಲ್ಲ.

ಇದು ಗೊತ್ತಾದ ದಿನ ಗೋಲಗುಮ್ಮಟ ನಮ್ಮ ಯೋಜನೆಯಿಂದ ಹೋಯಿತು. ಕೆಳಗೆ ನೆಲ, ಮೇಲೆ ಪಿಸುಮಾತಿನ ಗ್ಯಾಲರಿ, ಅದರ ಮೇಲೆ ಗುಂಡನೆಯ ಗುಮ್ಮಟ. ಒಂದರ ಮೇಲೊಂದು! ಅದೇ ಎಂಜಿನ್ನಿನ ಜಿಝಡ್‌ಡೂಮ್‌ನಂಥ ಹೊಸ ರೂಪಗಳಲ್ಲಿ ಇದಕ್ಕೆ ದಾರಿ ಇದೆ, ಆದರೆ ನಾವು ಹೋಗಲಿಲ್ಲ. ಅದು ಸಮಾಧಿ ಇರುವ ಜಾಗ. ಅದರೊಳಗೆ ಹೊಡೆದಾಟ ಬೇಡ ಅಂತ ನಾಲ್ವರಿಗೂ ಅನಿಸಿತು.

ಬೇಸರದಲ್ಲಿ ಒಂದು ಭಾನುವಾರ ನಮ್ಮೂರಿನ ಹಳೇ ಕಾವಲು ಗೋಪುರ ಉಪ್ಲಿ ಬುರುಜಿಗೆ ಹೋದೆವು. ಮೆಟ್ಟಿಲು ಹತ್ತುವಾಗ ಹೊಳೆಯಿತು. ಈ ಬುರುಜಿನ ಮೆಟ್ಟಿಲು ಹೊರಗಿನಿಂದಲೇ ಸುತ್ತಿಕೊಂಡು ಮೇಲೆ ಹೋಗುತ್ತದೆ. ಎಲ್ಲ ಬಯಲಿನಲ್ಲೇ, ತಲೆಯ ಮೇಲೆ ಚಾವಣಿ ಇಲ್ಲ. ಡೂಮ್ ಎಂಜಿನ್‌ಗೆ ಹೇಳಿ ಕಟ್ಟಿಸಿದ ಹಾಗಿದೆ ಅಲ್ವಾ? ಅಲ್ಲೇ ಮೇಲೆ, ತೋಪಿನ ಪಕ್ಕ ಕೂತು ನೋಟ್‌ಬುಕ್ ತೆಗೆದೆ.

ಲೆಕ್ಕ ಹೀಗೆ. ಡೂಮ್‌ನಲ್ಲಿ ಆಟಗಾರನ ಎತ್ತರ 56 ಯೂನಿಟ್, ಯೂನಿಟ್ ಅಂದರೆ ಆ ಆಟದ ಅಳತೆ. ಐದೂವರೆ ಅಡಿ ಆಳು ಅಂದುಕೊಂಡರೆ ಒಂದು ಅಡಿಗೆ ಹತ್ತಿರ ಹತ್ತಿರ 10 ಯೂನಿಟ್. ಬುರುಜು ಸುಮಾರು 80 ಅಡಿ, ಅಂದರೆ 800 ಯೂನಿಟ್. ಆಟಗಾರ ಒಂದು ಸಲಕ್ಕೆ 24 ಯೂನಿಟ್‌ಗಿಂತ ಎತ್ತರದ ಮೆಟ್ಟಿಲು ಹತ್ತಲಾರ. ನಾವು 16 ಇಟ್ಟೆವು, 50 ಮೆಟ್ಟಿಲಾಯಿತು. ಒಂದೊಂದೂ 32 ಯೂನಿಟ್ ಉದ್ದ, ಒಟ್ಟು ಸುತ್ತು 1600. ಒಂದು ಸುತ್ತಿನಲ್ಲೇ ಮೇಲೆ ಮುಟ್ಟುತ್ತದೆ. ಎರಡನೇ ಸುತ್ತು ಬಂದರೆ ಮೆಟ್ಟಿಲ ಮೇಲೆ ಮೆಟ್ಟಿಲು ಬಂದು ಕೆಡುತ್ತಿತ್ತು.

ಬುರುಜಿನ ಸುತ್ತ ಏನಿರಬೇಕು? ನನ್ನ ಸೋದರಮಾವನ ಹೊಲ ನೆನಪಾಯಿತು. ಹಿಂಗಾರಿ ಬಿಳಿಜೋಳ ತೆನೆ ಹಿಡಿದಾಗ ಅವರು ಅಟ್ಟದ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಓಡಿಸುತ್ತಿದ್ದರು. ಬಂದೂಕಿನ ಬದಲು ಕವಣೆ! ಎದುರಾಳಿಗಳು ರಾತ್ರಿ ಜೀವ ಬಂದು ಎದ್ದ ಬೆದರುಗೊಂಬೆಗಳು. ಆ ಹೊತ್ತಿನಿಂದ ಆಟ ನಮ್ಮದಾಯಿತು.

ಬೆದರುಗೊಂಬೆಯ ಕೆಲಸ ನನ್ನ ಪಾಲಿಗೆ ಬಂತು, ನನಗೆ ಜಾಸ್ತಿ ಖುಷಿ ಕೊಟ್ಟದ್ದೂ ಅದೇ. ಡೂಮ್ ಮಾಡಿದವರು ಕೆಲವು ರಾಕ್ಷಸರನ್ನು ಜೇಡಿಮಣ್ಣಿನಲ್ಲಿ ಮಾಡಿ, ಸುತ್ತಲಿನಿಂದ ಚಿತ್ರ ಹಿಡಿದು ಆಟಕ್ಕೆ ಹಾಕಿದ್ದರು. ನಾನು ಜೋಳದ ಕಣಿಕೆಯಲ್ಲಿ ಎರಡು ಅಡಿಯ ಗೊಂಬೆ ಕಟ್ಟಿದೆ. ಕೈಕಾಲಿಗೆ ಬೈಂಡಿಂಗ್ ತಂತಿ, ತಲೆಗೆ ಮಗುವಿನ ಮಣ್ಣಿನ ಆಟದ ಗಡಿಗೆ, ಮೈಗೆ ಹರಿದ ಅಂಗಿಯ ತೋಳು. ತಿರುಗುವ ಕುರ್ಚಿಯ ಮೇಲೆ ನಿಲ್ಲಿಸಿ, ಕುರ್ಚಿಗೆ ಪ್ರತಿ 45 ಡಿಗ್ರಿಗೆ ಸುಣ್ಣದ ಗುರುತು ಹಾಕಿದೆ. ಮೊಬೈಲ್ ಇಟ್ಟಿಗೆಗಳ ಮೇಲೆ ಅಲುಗಾಡದ ಹಾಗೆ ಕೂರಿಸಿದೆ. ಗೊಂಬೆಯ ಎರಡೂ ಬದಿ ಒಂದೇ ಥರ ಇದ್ದರೆ ಐದು ಕಡೆಯಿಂದ ತೆಗೆದರೆ ಸಾಕು, ಉಳಿದದ್ದನ್ನು ಎಂಜಿನ್ ಕನ್ನಡಿಯಂತೆ ತಿರುಗಿಸಿಕೊಳ್ಳುತ್ತದೆ. ನನ್ನ ಗೊಂಬೆಗೆ ಒಂದು ಕೈ ಗಿಡ್ಡ. ಹಾಗಾಗಿ ಎಂಟೂ ಕಡೆ ತೆಗೆಯಬೇಕಾಯಿತು. ನಡಿಗೆ 4, ಹೊಡೆತ 2, ಪೆಟ್ಟು ತಿಂದದ್ದು 1, ಏಳು ಭಂಗಿಗೆ ಎಂಟೆಂಟು. ಬೀಳುವುದು ಒಂದೇ ಕಡೆಯಿಂದ 5. ಒಟ್ಟು 61 ಫೋಟೊ.

ಮಾವ ಅಂಗಳದಲ್ಲಿ ನಿಂತು ನೋಡಿದರು. "ಗ್ವಾಂಬಿಗೆ ಎಷ್ಟ್ ಫೋಟೊ ಹೊಡಿತೀಯೋ ತಮ್ಮಾ?" ಅಂದರು. ವಿಷಯ ಹೇಳಿದ ಮೇಲೆ ಅವರೇ ಒಳಗಿಂದ ಹಳೇ ಕವಣೆ ತಂದು ಬೀಸಿ ತೋರಿಸಿದರು. ಕೊನೆಗೆ ಹಗ್ಗದ ತುದಿ ಚಟ್ ಅಂದ ಸದ್ದನ್ನೇ ಮೊಬೈಲಿನಲ್ಲಿ ಹಿಡಿದೆ. ಡೂಮ್‌ನ ಸದ್ದುಗಳ ಹಾಗೆ 11,025 ಹರ್ಟ್ಸ್, 8 ಬಿಟ್‌ನ ಒರಟು ಗುಣಮಟ್ಟಕ್ಕೆ ಇಳಿಸಿದ ಮೇಲೂ ಅದರ ಹರಿತ ಹೋಗಲಿಲ್ಲ. ಕವಣೆಯ ಕಲ್ಲಿಗೆ ಡೂಮ್‌ನ ಪ್ಲಾಸ್ಮಾ ಗನ್ ಅನ್ನೋ ಆಯುಧದ ಗುಂಡನ್ನು ತಗೊಂಡು ಚಿತ್ರ ಬದಲಿಸಿ, ವೇಗವನ್ನೂ ಪೆಟ್ಟನ್ನೂ ಡೆಹ್ಯಾಕ್‌ಎಡ್ ಫೈಲಿನಲ್ಲಿ, ಅಂದರೆ ಆಟದ ಗುಣಗಳನ್ನು ಬದಲಿಸುವ ಫೈಲಿನಲ್ಲಿ, ತಿದ್ದಿದೆವು.

ಮೊದಲ ಸಲ ಓಡಿಸಿದಾಗ ಗೊಂಬೆಗಳು ಮೊಣಕಾಲಿನ ತನಕ ನೆಲದಲ್ಲಿ ಹೂತಿದ್ದವು. ಪ್ರತಿ ಚಿತ್ರಕ್ಕೂ ಆಫ್‌ಸೆಟ್ ಹೇಳಬೇಕು, ಅಂದರೆ ಪಾದ ಎಲ್ಲಿದೆ ಅಂತ. 61ಕ್ಕೂ ಕೂತು ಸರಿ ಮಾಡಿದೆ. ಇದನ್ನು ಮೊದಲ ಎರಡು ಚಿತ್ರ ಹಾಕಿದಾಗಲೇ ನೋಡಿಕೊಳ್ಳಿ, ಎರಡು ರಾತ್ರಿ ಉಳಿಯುತ್ತದೆ.

ಹೊಲ ಇದಕ್ಕಿಂತ ಕಷ್ಟ ಕೊಟ್ಟಿತು. ಒಂದೊಂದು ಜೋಳದ ಗಿಡವನ್ನೂ ಬೇರೆ ಬೇರೆಯಾಗಿ ನೆಟ್ಟೆವು. ಆಗ ನಾವು ಬಳಸುತ್ತಿದ್ದದ್ದು ಎಂಜಿನ್ನಿನ ಚಾಕೊಲೇಟ್ ಡೂಮ್ ಅನ್ನೋ ರೂಪ, ಅದು ಮೂಲ ಆಟದ ಮಿತಿಗಳನ್ನೆಲ್ಲ ಬೇಕಂತಲೇ ಹಾಗೇ ಉಳಿಸಿಕೊಂಡಿದೆ. ಕಣ್ಣಿಗೆ ಬೀಳುವ ಸ್ಪ್ರೈಟ್‌ಗಳು, ಅಂದರೆ ಗಿಡ, ಗೊಂಬೆಗಳಂಥ ಬಿಡಿ ಚಿತ್ರಗಳು, 128 ದಾಟಿದರೆ ಉಳಿದವನ್ನು ಬಿಡಿಸುವುದೇ ಇಲ್ಲ. ಗಿಡಗಳು ಇದ್ದಕ್ಕಿದ್ದಂತೆ ಮಾಯ. ಆಗ ಗಿಡ ಕಿತ್ತು, ಸಾಲು ಎಳೆದೆವು. ನಕ್ಷೆಯಲ್ಲಿ ಉದ್ದ ಗೆರೆ, ಅದರ ಮೇಲೆ ಅಲ್ಲಲ್ಲಿ ತೂತಿರುವ ಜೋಳದ ಚಿತ್ರ. ದಾಟಿ ನಡೆಯಬಹುದು, ನಡುವೆ ಆಚೆಯದೂ ಕಾಣುತ್ತದೆ. ಸಾಲಿನಿಂದ ಸಾಲಿಗೆ ಗೊಂಬೆಯ ಗಡಿಗೆ ತಲೆ ಕಾಣಿಸಿ ಮರೆಯಾದಾಗ ನಿಜಕ್ಕೂ ಎದೆ ಝಲ್ ಅನ್ನುತ್ತದೆ.

ಬುರುಜಿನ ಮೇಲಿಂದ ನೋಡಿದರೆ ಮಾತ್ರ ಆಟ ನಿಂತೇಹೋಗುತ್ತಿತ್ತು. ಇಡೀ ಹೊಲ, ಬದು, ಕಾಲುವೆ ಒಟ್ಟಿಗೆ ಕಂಡು ವಿಸ್‌ಪ್ಲೇನ್, ಅಂದರೆ ಒಮ್ಮೆಗೆ ಬಿಡಿಸಬೇಕಾದ ನೆಲ-ಚಾವಣಿ ತುಂಡುಗಳ, ಲೆಕ್ಕ 128ರ ಮಿತಿ ಮೀರುತ್ತಿತ್ತು. ಇನ್ನೂ ಒಂದು ತೊಂದರೆ: ಮೂಲ ಎಂಜಿನ್‌ಗೆ ಪ್ರತಿ ಜೀವಿಯೂ ಆಕಾಶದ ತನಕ ಎತ್ತರ. ಬುರುಜಿನ ಬುಡಕ್ಕೆ ಒಂದು ಗೊಂಬೆ ಬಂದು ನಿಂತರೆ, 80 ಅಡಿ ಮೇಲೆ ನಾವು ಅಂಚಿಗೆ ಹೋಗಲು ಅದೇ ಅಡ್ಡ. ಕ್ರಿಸ್ಪಿ ಡೂಮ್‌ಗೆ ಬಂದ ಮೇಲೆ ಎರಡೂ ಬಗೆಹರಿದವು. ಮಿತಿ ಎತ್ತಿದ ರೂಪ ಅದು, ಆದರೆ ಹಳೇ ರುಚಿ ಹಾಗೇ ಇದೆ, ಹಳೇ ಕಂಪ್ಯೂಟರಿನಲ್ಲೂ ಹಗುರಾಗಿ ಓಡುತ್ತದೆ.

ಗೋಲಗುಮ್ಮಟ ಪೂರ್ತಿ ಬಿಡಲು ಮನಸ್ಸು ಬರಲಿಲ್ಲ. ಆಕಾಶದ ಚಿತ್ರದಲ್ಲಿ, ಸಂಜೆಗೆಂಪಿನ ಮುಂದೆ ಅದರ ಕಪ್ಪು ನೆರಳು ಬರೆದೆವು. ತಿರುಗಿ ನೋಡಿದರೆ ನಾಲ್ಕು ದಿಕ್ಕಿಗೂ ಗುಮ್ಮಟ. 256 ಪಿಕ್ಸೆಲ್ ಅಗಲದ ಆಕಾಶ ಸುತ್ತಲೂ ನಾಲ್ಕು ಸಲ ಬರುತ್ತದೆ. 1024 ಅಗಲಕ್ಕೆ ಹೊಸದಾಗಿ ಬರೆದ ಮೇಲೆ ಗುಮ್ಮಟ ಒಂದೇ ಆಯಿತು, ಊರಿನಲ್ಲಿ ಇರುವ ಹಾಗೆ ಬುರುಜಿನ ಪೂರ್ವಕ್ಕೆ ನಿಂತಿತು.

20 ಹಂತ ಈಗ ಒಂದಾಗಿದೆ, 9 ಆಯುಧ ಎರಡಾಗಿವೆ: ಕವಣೆ ಮತ್ತು ಕುಡುಗೋಲು. ಆಡಲು ಹತ್ತು ನಿಮಿಷ ಸಾಕು. ಆದರೆ ಆ ಹತ್ತು ನಿಮಿಷದಲ್ಲಿ ಬೇರೆ ಯಾವ ಊರೂ ಇಲ್ಲ.

ಉಳಿದಿರುವುದು ಕೊನೆಯ ರಾಕ್ಷಸ. ಮಲಿಕ್-ಎ-ಮೈದಾನ್ ತೋಪು ನೋಡಿದ್ದೀರಲ್ಲ? 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, ಬಾಯಿ ಸಿಂಹದ್ದು, ಹಲ್ಲಿನ ನಡುವೆ ಆನೆ. ಆ ಬಾಯಿಗೆ ನಾಲ್ಕು ಕಾಲು ಬಂದರೆ ಹೇಗಿರುತ್ತದೆ ಅಂತ ಎರೆಮಣ್ಣಿನಲ್ಲಿ ಮಾಡಿದೆ. ಒಣಗಿದಾಗ ದವಡೆಯಿಂದ ಹೊಟ್ಟೆಯ ತನಕ ಸೀಳಿತು. ಅತ್ತೆ ನೋಡಿ, "ಅರಳಿ ಕೂಡ್ಸಿ ಕುಟ್ಟಬೇಕಿತ್ತಪಾ, ಸುಮ್ನೆ ಮಣ್ಣು ಮೆತ್ತಿದ್ರ ಬಿರಿತದ" ಅಂದರು. ಮಣ್ಣೆತ್ತಿನ ಅಮಾವಾಸ್ಯೆಗೆ ಅವರು ಎತ್ತು ಮಾಡುವಾಗ ಮಣ್ಣಿಗೆ ಹತ್ತಿ ಬೆರೆಸಿ ಕುಟ್ಟುತ್ತಾರೆ. ಈ ಸಲ ಅವರ ಜೊತೆಗೇ ಕೂರುತ್ತೇನೆ. ತಿರುಗುವ ಕುರ್ಚಿ ಈಗಲೇ ಅವರ ಪಡಸಾಲೆಯಲ್ಲಿದೆ.